ಕೆಂಪು ಬಣ್ಣ ಹಚ್ಚುವ ಮೊದಲು

ಇಲ್ಲ ಅಕ್ಕಾ, ಕಂಪ್ಯೂಟರ್ ಕೆಟ್ಟಿಲ್ಲ, ವೈರಸ್ಸೂ ಹೊಕ್ಕಿಲ್ಲ. ಲ್ಯಾಪ್‌ಟಾಪನ್ನು ಸ್ವಲ್ಪ ಈ ಕಡೆ ತಿರುಗಿಸಿ, ದಾಸವಾಳದ ಕೊಂಬೆ ಅಡ್ಡ ಬರ್ತಿದೆ. ಹಾಂ, ಈಗ ಎಕ್ಸೆಲ್ ಹಾಳೆ ಕಾಣುತ್ತೆ. ಎ ಕಾಲಂನಲ್ಲಿ ನಿಮ್ಮ ಸಂಘದ ಸದಸ್ಯರ ಹೆಸರು, ಬಿಯಲ್ಲಿ ಕೊಟ್ಟ ಸಾಲ, ಸಿಯಲ್ಲಿ ಬಾಕಿ, ಡಿಯಲ್ಲಿ ಕಂತು ಕಟ್ಟಬೇಕಾದ ಗಡುವು. ಗಡುವು ದಾಟಿದವರ ಸಾಲು ಕೆಂಪಾಗಲಿ ಅಂತ ಒಂದು ನಿಯಮ ಬರೆದಿದ್ದೀರಿ. ದಾಟಿದವರು ಕೆಂಪಾಗಿದ್ದಾರೆ, ಸರಿ. ಆದರೆ ಸಾಲವನ್ನೇ ತಗೊಳ್ಳದವರೂ ಕೆಂಪಾಗಿದ್ದಾರೆ. "ಒಂದು ರೂಪಾಯಿ ಸಾಲ ಇಲ್ಲದವಳ ಹೆಸರಿಗೆ ಯಾಕೆ ಕೆಂಪು?" ಅಂತ ಕೇಳಿದಿರಲ್ಲ, ಅದಕ್ಕಿಂತ ಒಳ್ಳೆ ಪ್ರಶ್ನೆ ಇಲ್ಲ. ಒಲೆ ಮೇಲೆ ಏನಾದರೂ ಇದ್ದರೆ ಇಳಿಸಿ ಬನ್ನಿ, ಇದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತೆ.

ಮೊದಲು ನೀವು ನಿಯಮ ಬರೆದ ಜಾಗ ನೋಡೋಣ. ಕಂಡೀಷನಲ್ ಫಾರ್ಮ್ಯಾಟಿಂಗ್ ಒತ್ತಿ, ನ್ಯೂ ರೂಲ್ ತೆರೆದು, ಪಟ್ಟಿಯ ಕೊನೆಯಲ್ಲಿರುವ ಫಾರ್ಮುಲಾ ಆಯ್ಕೆ ಮಾಡಿದ್ದೀರಿ. ಎಕ್ಸೆಲ್‌ಗೆ ಈ ಸೌಲಭ್ಯ ಬಂದದ್ದು ಎಕ್ಸೆಲ್ 97ರಲ್ಲಿ. ಆಗ ಒಂದು ಚೌಕಕ್ಕೆ ಮೂರೇ ನಿಯಮ ಹಾಕಬಹುದಿತ್ತು, 2007ರ ಆವೃತ್ತಿಯಲ್ಲಿ ಆ ಮಿತಿ ಹೋಯಿತು. ಅಂದಿನಿಂದ ಇಂದಿನವರೆಗೂ ಫಾರ್ಮುಲಾ ಬರೆಯುವ ಈ ಪೆಟ್ಟಿಗೆ ಕೇಳೋದು ಒಂದೇ: ನೀನು ಬರೆದದ್ದಕ್ಕೆ ಉತ್ತರ ಹೌದೋ ಅಲ್ಲವೋ? ಹೌದು ಅಂತ ಬಂದರೆ ಬಣ್ಣ ಹಚ್ಚುತ್ತೆ, ಅಲ್ಲ ಅಂದರೆ ಬಿಡುತ್ತೆ. ಬಾಕಿ, ಗಡುವು, ಸಾಲ, ಸದಸ್ಯೆ ಇವು ಯಾವುದೂ ಅದಕ್ಕೆ ಗೊತ್ತಿಲ್ಲ.

ನೀವು ಬರೆದದ್ದು ಇಷ್ಟು: ಡಿ2ರಲ್ಲಿ ಇರೋದು ಟುಡೇ ಕೊಡುವ ದಿನಾಂಕಕ್ಕಿಂತ ಕಡಿಮೆಯೇ? ಈ ಟುಡೇ ಒಂದು ಸಿದ್ಧ ಫಂಕ್ಷನ್. ಪ್ರೋಗ್ರಾಂ ಮಾಡಿದವರೇ ಮೊದಲೇ ಬರೆದಿಟ್ಟದ್ದು, ಹೆಸರು ಹಿಡಿದು ಕರೆದರೆ ಸಾಕು. ಹೆಸರಿನ ಮುಂದೆ ಆವರಣ, ಆವರಣದೊಳಗೆ ನಾವು ಕೊಡುವ ಸಾಮಗ್ರಿ, ಹೊರಗೆ ಬರೋದು ಒಂದು ಉತ್ತರ. ಟುಡೇಗೆ ಏನೂ ಕೊಡಬೇಕಾಗಿಲ್ಲ. ಅದು ಕಂಪ್ಯೂಟರ್‌ನ ಗಡಿಯಾರ ನೋಡಿ ಇವತ್ತಿನ ದಿನಾಂಕ ತಂದುಕೊಡುತ್ತೆ. ಕೊಡೋದಿಲ್ಲ ಅಂತ ಆವರಣ ಬಿಡೋ ಹಾಗಿಲ್ಲ, ಖಾಲಿ ಆವರಣ ಹಾಕಲೇಬೇಕು, ಇಲ್ಲದಿದ್ದರೆ ಅದು ಫಂಕ್ಷನ್ ಅಂತಲೇ ಎಕ್ಸೆಲ್‌ಗೆ ತಿಳಿಯಲ್ಲ.

ಇಂಥ ಫಂಕ್ಷನ್‌ಗಳು ಎಕ್ಸೆಲ್‌ಗಿಂತ ಹಳೆಯವು. 1979ರಲ್ಲಿ ಡ್ಯಾನ್ ಬ್ರಿಕ್ಲಿನ್, ಬಾಬ್ ಫ್ರಾಂಕ್‌ಸ್ಟನ್ ಅನ್ನುವ ಇಬ್ಬರು ಆಪಲ್ 2 ಕಂಪ್ಯೂಟರ್‌ಗೆ ವಿಸಿಕ್ಯಾಲ್ಕ್ ಅಂತ ಒಂದು ಲೆಕ್ಕದ ಹಾಳೆ ಮಾಡಿದರು. ಅದರಲ್ಲೇ ಕೂಡಿಸುವ ಸಮ್ ಇತ್ತು. ಅಕ್ಷರದಿಂದ ಶುರುವಾದದ್ದನ್ನೆಲ್ಲ ಆ ಪ್ರೋಗ್ರಾಂ ಬರೀ ಹೆಸರು, ಶೀರ್ಷಿಕೆ ಅಂತ ತಗೊಳ್ಳುತ್ತಿದ್ದರಿಂದ ಫಂಕ್ಷನ್ ಹೆಸರಿನ ಹಿಂದೆ ಇಮೇಲ್ ವಿಳಾಸದಲ್ಲಿ ಬರುತ್ತಲ್ಲ, ಆ ಚಿಹ್ನೆ ಹಾಕಬೇಕಿತ್ತು. 1983ರ ಲೋಟಸ್ 1-2-3 ಅದನ್ನೇ ಮುಂದುವರಿಸಿತು. 1985ರಲ್ಲಿ ಮ್ಯಾಕಿಂಟಾಷ್‌ಗೆ ಎಕ್ಸೆಲ್ ಬಂದಾಗ ಸಮ ಚಿಹ್ನೆ ಬಂತು, ನೀವು ಈಗ ಬರೆಯೋದು ಅದನ್ನೇ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ದಿನಾಂಕ ಅನ್ನೋದು ಎಕ್ಸೆಲ್ ಒಳಗೆ ದಿನಾಂಕವಾಗಿ ಇರೋದೇ ಇಲ್ಲ ಅಕ್ಕ, ಒಂದು ಅಂಕಿಯಾಗಿ ಇರುತ್ತೆ. 1900ರ ಜನವರಿ 1 ಅಂದರೆ 1. ಆಮೇಲೆ ದಿನ ಕಳೆದ ಹಾಗೆ ಅಂಕಿ ಏರುತ್ತಾ ಹೋಗಿ 2000ದ ಜನವರಿ 1 ಅಂದರೆ 36526, 2026ರ ಜನವರಿ 1 ಅಂದರೆ 46023. ನಮ್ಮ ಕಣ್ಣಿಗೆ ದಿನ, ತಿಂಗಳು, ವರ್ಷ ಕಾಣೋದು ಮೇಲಿನ ವೇಷ ಮಾತ್ರ. ನಂಬಿಕೆ ಬರದಿದ್ದರೆ ಒಂದು ಗಡುವಿನ ಚೌಕಕ್ಕೆ ಹೋಗಿ, ಫಾರ್ಮ್ಯಾಟ್‌ನಲ್ಲಿ ಜನರಲ್ ಅಂತ ಮಾಡಿ ನೋಡಿ. ಐದಂಕಿಯ ಸಂಖ್ಯೆ ಬಂತಲ್ಲ? ಅದೇ ನಿಜವಾದ ಗಡುವು.

ಸಾಲ ತಗೊಳ್ಳದವರ ಗಡುವಿನ ಚೌಕ ಖಾಲಿ. ಎಕ್ಸೆಲ್ ಖಾಲಿ ಚೌಕವನ್ನು ಅಂಕಿಯ ಜೊತೆ ಹೋಲಿಸುವಾಗ ಸೊನ್ನೆ ಅಂತ ಹಿಡಿಯುತ್ತೆ. ಸೊನ್ನೆ ನಲವತ್ತಾರು ಸಾವಿರಕ್ಕಿಂತ ಕಡಿಮೆಯೇ? ಹೌದು. ಹಚ್ಚು ಕೆಂಪು! ಸೊನ್ನೆಗೆ ಗಡುವು ಅಂತ ಹೆಸರಿಟ್ಟವರು ನಾವು, ಎಕ್ಸೆಲ್ ಅಲ್ಲ. ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರವನ್ನೇ ಕೊಟ್ಟಿದೆ. ಎಪಿಎಂಸಿ ಹತ್ತಿರದ ವೇಬ್ರಿಡ್ಜ್‌ನವನು ಲಾರಿ ತೂಕ ಇಷ್ಟು ಅಂತ ಚೀಟಿ ಕೊಡ್ತಾನೆ, ಒಳಗೆ ಇರೋದು ಭತ್ತವೋ ಕಲ್ಲೋ ಅಂತ ನೋಡೋದು ಕೊಂಡವರ ಕೆಲಸ. ಸಿದ್ಧ ಫಂಕ್ಷನ್‌ಗಳೂ ಅಷ್ಟೇ, ತಮಗೆ ಒಪ್ಪಿಸಿದ ಒಂದು ಕೆಲಸವನ್ನು ತಪ್ಪದೆ ಮಾಡುತ್ತವೆ, ಆ ಕೆಲಸದ ಆಚೆಗೆ ನೋಡೋದಿಲ್ಲ.

"ಹಾಗಾದರೆ ಖಾಲಿ ಇದ್ದರೆ ಬಿಡು ಅಂತ ಹೇಳೋದು ಹೇಗೆ?" ಅಂತೀರಿ. ಅದಕ್ಕೆ ಆ್ಯಂಡ್ ಇದೆ. ಇದರ ಆವರಣದಲ್ಲಿ ಎಷ್ಟು ಷರತ್ತು ಕೊಟ್ಟರೂ ಎಲ್ಲವೂ ಹೌದಾದರೆ ಮಾತ್ರ ಹೌದು ಅನ್ನುತ್ತೆ, ಒಂದು ತಪ್ಪಿದರೂ ಅಲ್ಲ. ಆರ್ ಅದಕ್ಕೆ ತಿರುಗಾ ಮುರುಗಾ, ಒಂದು ಹೌದಾದರೂ ಸಾಕು. ನಾಟ್ ಹೌದನ್ನು ಅಲ್ಲ ಮಾಡುತ್ತೆ, ಅಲ್ಲವನ್ನು ಹೌದು ಮಾಡುತ್ತೆ. ನಿಮ್ಮ ನಿಯಮ ಈಗ ಮೂರು ಷರತ್ತಿನದಾಗಬೇಕು: ಗಡುವಿನ ಚೌಕದಲ್ಲಿ ಅಂಕಿ ಇರಬೇಕು, ಬಾಕಿ ಸೊನ್ನೆಗಿಂತ ಹೆಚ್ಚಿರಬೇಕು, ಗಡುವು ಇವತ್ತಿಗಿಂತ ಹಿಂದಿನದಾಗಿರಬೇಕು. ಮೂರನ್ನೂ ಆ್ಯಂಡ್ ಒಳಗೆ ಅಲ್ಪವಿರಾಮ ಹಾಕಿ ಜೋಡಿಸಿ. ಆ ಬಾಕಿಯ ಷರತ್ತನ್ನು ಮರೀಬೇಡಿ. ಕಂತನ್ನೆಲ್ಲ ತೀರಿಸಿದವಳ ಹಳೇ ಗಡುವು ಹಾಳೆಯಲ್ಲಿ ಉಳಿದುಕೊಂಡೇ ಇರುತ್ತೆ. ಆ ಷರತ್ತಿಲ್ಲದಿದ್ದರೆ ಪೂರ್ತಿ ಸಾಲ ತೀರಿಸಿದ ಹೆಂಗಸಿನ ಹೆಸರು ವರ್ಷಗಟ್ಟಲೆ ಕೆಂಪಾಗೇ ಇರುತ್ತೆ, ಅದಕ್ಕಿಂತ ಅನ್ಯಾಯ ಇನ್ನೇನಿದೆ?

ಅಂಕಿ ಇದೆಯೋ ಅಂತ ಕೇಳೋಕೆ ಇಸ್‌ನಂಬರ್ ಅನ್ನುವ ಫಂಕ್ಷನ್ ಬಳಸಿ. ಖಾಲಿ ಇದೆಯೋ ಅಂತ ಕೇಳುವ ಇಸ್‌ಬ್ಲ್ಯಾಂಕ್ ಕೂಡ ಇದೆ. ಆದರೆ ಅದು ಬಹಳ ಕಟ್ಟುನಿಟ್ಟು. ಚೌಕದಲ್ಲಿ ಒಂದು ಫಾರ್ಮುಲಾ ಇದ್ದು, ಅದು ಏನನ್ನೂ ತೋರಿಸದಿದ್ದರೂ ಇಸ್‌ಬ್ಲ್ಯಾಂಕ್ ಅದನ್ನು ಖಾಲಿ ಅನ್ನೋದಿಲ್ಲ. ಯಾರೋ ಸ್ಪೇಸ್ ಬಾರ್ ಒತ್ತಿ ಹೋಗಿದ್ದರೂ ಖಾಲಿ ಅನ್ನೋದಿಲ್ಲ. ಕಣ್ಣಿಗೆ ಖಾಲಿ ಕಾಣೋದೇ ಬೇರೆ, ಎಕ್ಸೆಲ್ ಖಾಲಿ ಅಂತ ಒಪ್ಪೋದೇ ಬೇರೆ.

ಇಸ್‌ನಂಬರ್ ಹಾಕೋದಕ್ಕೆ ಇನ್ನೂ ದೊಡ್ಡ ಕಾರಣ ಇದೆ. ಇಲ್ಲಿ ನೋಡಿ, ಈ ಗಡುವು ಚೌಕದ ಬಲಕ್ಕೆ ಅಂಟಿಕೊಂಡಿದೆ, ಇದು ಎಡಕ್ಕೆ. ನಾವು ಬದಲಾಯಿಸದೆ ಬಿಟ್ಟರೆ ಅಂಕಿ ಬಲಕ್ಕೆ, ಅಕ್ಷರ ಎಡಕ್ಕೆ ಕೂರುತ್ತೆ. ಅಂದರೆ ಎಡಕ್ಕಿರೋದು ದಿನಾಂಕದ ಹಾಗೆ ಕಾಣುವ ಅಕ್ಷರಗಳ ಸಾಲು. ಕಂಪ್ಯೂಟರ್‌ನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಅದು ತಿಂಗಳನ್ನು ಮೊದಲು ಓದುತ್ತೆ. ನೀವು 25/12/2025 ಅಂತ ಬರೆದರೆ ಇಪ್ಪತ್ತೈದನೇ ತಿಂಗಳು ಇಲ್ಲವಲ್ಲ, ಅದಕ್ಕೇ ಅದನ್ನು ಅಕ್ಷರವಾಗಿ ಬಿಟ್ಟುಬಿಡುತ್ತೆ. ಅದಾದರೂ ಎಡಕ್ಕೆ ಕೂತು ತನ್ನ ತಪ್ಪು ತೋರಿಸುತ್ತೆ. 03/04/2025 ಅಂತ ಬರೆದರೆ ಮಾತಿಲ್ಲದೆ ಮಾರ್ಚ್ 4 ಅಂತ ತಗೊಂಡು ಬಲಕ್ಕೆ ಕೂತುಬಿಡುತ್ತೆ. ಏಪ್ರಿಲ್ 3ಕ್ಕೆ ಕಟ್ಟಬೇಕಾದವಳು ಒಂದು ತಿಂಗಳು ಮೊದಲೇ ಬಾಕಿದಾರಳಾಗ್ತಾಳೆ. ನಮ್ಮ ಕೈ ಅಭ್ಯಾಸದಲ್ಲಿ ಚುಕ್ಕೆ ಹಾಕಿ 25.12.2025 ಅಂತ ಬರೆದದ್ದೂ ಬಹಳ ಸಲ ಅಕ್ಷರವಾಗೇ ಉಳಿಯುತ್ತೆ.

ಅಕ್ಷರವಾಗಿ ಉಳಿದರೆ ಏನಾಗುತ್ತೆ ಗೊತ್ತಾ? ಎಕ್ಸೆಲ್‌ನ ಹೋಲಿಕೆಯಲ್ಲಿ ಯಾವ ಅಕ್ಷರವೂ ಯಾವ ಅಂಕಿಗಿಂತಲೂ ದೊಡ್ಡದು. ಆ ಗಡುವು ಇವತ್ತಿಗಿಂತ ಕಡಿಮೆಯೇ ಅಂದರೆ ಅಲ್ಲ, ಮುಂದಿನ ವರ್ಷ ಕೇಳಿದರೂ ಅಲ್ಲ. ಖಾಲಿ ಚೌಕ ತಪ್ಪಿಲ್ಲದವಳನ್ನು ಕೆಂಪು ಮಾಡಿತು. ಅಕ್ಷರದ ದಿನಾಂಕ ನಿಜವಾಗಿ ಬಾಕಿ ಇರುವವಳನ್ನು ಎಂದೆಂದಿಗೂ ಬಿಳಿಯಾಗೇ ಇಡುತ್ತೆ. ಮೊದಲನೆಯದನ್ನು ಯಾರಾದರೂ ಬಂದು ಜಗಳ ಮಾಡಿ ಹೇಳ್ತಾರೆ, ಎರಡನೆಯದನ್ನು ಯಾರೂ ಬಂದು ಹೇಳೋದಿಲ್ಲ. ಅದಕ್ಕೇ ಅಕ್ಕ, ಇನ್ನೊಂದು ನಿಯಮ ಹಾಕಿಬಿಡಿ: ಬಾಕಿ ಇದ್ದು ಗಡುವಿನ ಚೌಕದಲ್ಲಿ ಅಂಕಿ ಇಲ್ಲದಿದ್ದರೆ ಹಳದಿ. ಹಳದಿ ಅಂದರೆ ಸದಸ್ಯೆಯ ತಪ್ಪಲ್ಲ, ಪುಸ್ತಕ ಬರೆಯುವವರು ಬಂದು ನೋಡಬೇಕು ಅಂತ ಅರ್ಥ.

ನಿಯಮ ಬರೆಯುವ ಆ ಪುಟ್ಟ ಪೆಟ್ಟಿಗೆಯ ಸ್ವಭಾವವನ್ನೂ ತಿಳ್ಕೊಳ್ಳಬೇಕು. ಅಲ್ಲಿ ಅಕ್ಷರ ತಿದ್ದೋಣ ಅಂತ ಬಾಣದ ಕೀಲಿ ಒತ್ತಿದರೆ ಕರ್ಸರ್ ಹಿಂದೆ ಹೋಗೋ ಬದಲು ಬೇರೆ ಚೌಕದ ವಿಳಾಸ ಬಂದು ಸೇರಿಕೊಳ್ಳುತ್ತೆ. "ಹೌದು ಹೌದು, ಅದರಿಂದಲೇ ಮೊನ್ನೆ ತಲೆ ಕೆಟ್ಟಿತ್ತು" ಅಂತೀರಾ? ಮೊದಲು ಎಫ್2 ಒತ್ತಿ, ಆಮೇಲೆ ಬಾಣ ಬಳಸಿ, ಹೇಳಿದ ಹಾಗೆ ಕೇಳುತ್ತೆ. ಇನ್ನೊಂದು, ನಿಯಮದ ಫಾರ್ಮುಲಾ ತಪ್ಪಾಗಿ ಉತ್ತರದ ಬದಲು ದೋಷ ಬಂದರೆ ಹಾಳೆಯ ಮೇಲೆ ಯಾವ ಎಚ್ಚರಿಕೆಯೂ ಕಾಣಲ್ಲ, ಬಣ್ಣ ಬರೋದಿಲ್ಲ ಅಷ್ಟೆ. ಎಲ್ಲ ಬಿಳಿಯಾಗಿದೆ, ಎಲ್ಲರೂ ಕಟ್ಟಿದ್ದಾರೆ ಅಂತ ನಾವು ಅಂದುಕೊಳ್ತೀವಿ. ಆದ್ದರಿಂದ ಫಾರ್ಮುಲಾವನ್ನು ನೇರ ಪೆಟ್ಟಿಗೆಯಲ್ಲಿ ಬರೀಬೇಡಿ. ಪಕ್ಕದ ಖಾಲಿ ಕಾಲಂನಲ್ಲಿ ಬರೆದು ಕೆಳಗಿನವರೆಗೂ ಎಳೆಯಿರಿ. ಪ್ರತಿ ಸಾಲಿಗೂ ಟ್ರೂ ಅಥವಾ ಫಾಲ್ಸ್ ಬರುತ್ತೆ. ಒಂದೊಂದು ಹೆಸರನ್ನೂ ನಿಮ್ಮ ಕೈಬರಹದ ಪುಸ್ತಕದ ಜೊತೆ ಹೋಲಿಸಿ. ಒಪ್ಪಿದ ಮೇಲೆ ಅದನ್ನೇ ನಕಲು ಮಾಡಿ ನಿಯಮಕ್ಕೆ ಅಂಟಿಸಿ.

ಅಂಟಿಸುವಾಗ ಡಾಲರ್ ಚಿಹ್ನೆ ಮರೀಬೇಡಿ. ನಿಯಮವನ್ನು ನಾವು ಬರೆಯೋದು ಆಯ್ದ ಜಾಗದ ಮೊದಲ ಚೌಕಕ್ಕೆ ಮಾತ್ರ. ಎಕ್ಸೆಲ್ ಅದನ್ನು ಕೆಳಕ್ಕೂ ಬಲಕ್ಕೂ ಸರಿಸುತ್ತಾ ಉಳಿದ ಚೌಕಗಳಿಗೆ ಅನ್ವಯಿಸುತ್ತೆ. ಬರೀ ಡಿ2 ಅಂತ ಬರೆದರೆ ಹೆಸರಿನ ಚೌಕ ಡಿಯನ್ನು ನೋಡುತ್ತೆ, ಅದರ ಪಕ್ಕದ್ದು ಇಯನ್ನು ನೋಡುತ್ತೆ, ಅದರ ಪಕ್ಕದ್ದು ಎಫ್ ಅನ್ನು. ಡಿಯ ಹಿಂದೆ ಡಾಲರ್ ಹಾಕಿದರೆ ಕಾಲಂ ಅಲುಗಾಡಲ್ಲ, ಸಾಲು ಮಾತ್ರ ಕೆಳಕ್ಕೆ ಸರಿಯುತ್ತೆ. ಅದು ಬೇಕು ನಮಗೆ. ಜೊತೆಗೆ ಆಯ್ಕೆ ಎಲ್ಲಿಂದ ಶುರು ಅಂತ ಬಹಳ ಗಮನ ಕೊಡಿ. ಫಾರ್ಮುಲಾದಲ್ಲಿ 2 ಅಂತ ಇದ್ದು, ಆಯ್ಕೆ ಒಂದನೇ ಸಾಲಿನಿಂದ ಮಾಡಿದ್ದರೆ ಪ್ರತಿ ಸಾಲೂ ತನ್ನ ಕೆಳಗಿನವಳ ಗಡುವನ್ನು ನೋಡುತ್ತೆ. ಒಬ್ಬಳ ಬಾಕಿಗೆ ಇನ್ನೊಬ್ಬಳ ಹೆಸರು ಕೆಂಪು! ಸಭೆಯಲ್ಲಿ ಆ ಹಾಳೆಯನ್ನು ಗೋಡೆಗೆ ಅಂಟಿಸಿದರೆ ಏನಾಗಬಹುದು ಅಂತ ನಾನು ನಿಮಗೆ ಹೇಳಬೇಕಾಗಿಲ್ಲ.

ಎರಡು ನಿಯಮ ಒಂದೇ ಚೌಕಕ್ಕೆ ಬೇರೆ ಬೇರೆ ಬಣ್ಣ ಹೇಳಿದರೆ ಪಟ್ಟಿಯಲ್ಲಿ ಮೇಲಿರುವ ನಿಯಮ ಗೆಲ್ಲುತ್ತೆ. ಮ್ಯಾನೇಜ್ ರೂಲ್ಸ್ ತೆರೆದರೆ ಮೇಲೆ ಕೆಳಗೆ ಸರಿಸಬಹುದು. ತಿಂಗಳಿಗೊಮ್ಮೆ ಅದನ್ನು ತೆರೆದು ನೋಡೋ ಅಭ್ಯಾಸ ಇಟ್ಕೊಳ್ಳಿ. ಸಾಲು ನಕಲು ಮಾಡಿ ಅಂಟಿಸಿದಾಗೆಲ್ಲ ನಿಯಮವೂ ಚೂರು ಚೂರಾಗಿ ಹೆಚ್ಚುತ್ತಾ ಹೋಗುತ್ತೆ.

ಟುಡೇ ಬಗ್ಗೆ ಇನ್ನೊಂದು ಮಾತು ಉಳಿದಿದೆ. ಹಾಳೆ ತೆರೆದಾಗ, ಲೆಕ್ಕ ಮತ್ತೆ ನಡೆದಾಗೆಲ್ಲ ಅದು ಹೊಸದಾಗಿ ದಿನಾಂಕ ನೋಡುತ್ತೆ. ನಿಯಮಕ್ಕೆ ಅದು ವರ, ದಿನ ಕಳೆದ ಹಾಗೆ ಬಣ್ಣ ತಾನಾಗೇ ಬದಲಾಗುತ್ತೆ. ದಾಖಲೆಗೆ ಮಾತ್ರ ಅದನ್ನು ತರಬೇಡಿ. ಕಂತು ಕಟ್ಟಿದ ದಿನಾಂಕದ ಕಾಲಂನಲ್ಲಿ ಸುಲಭ ಅಂತ ಟುಡೇ ಹಾಕಿದರೆ ನಾಳೆ ತೆರೆದಾಗ ನಾಳೆ ಕಟ್ಟಿದ್ದಾಗುತ್ತೆ, ನಾಡಿದ್ದು ನಾಡಿದ್ದು. ಅಲ್ಲಿಗೆ ಕಂಟ್ರೋಲ್ ಹಿಡಿದು ಸೆಮಿಕೋಲನ್ ಒತ್ತಿ, ಆ ದಿನದ ದಿನಾಂಕ ಬದಲಾಗದ ಹಾಗೆ ಕೂರುತ್ತೆ. ಹಳೇ ಕಂಪ್ಯೂಟರ್‌ನ ಒಳಗಿನ ಪುಟ್ಟ ಬ್ಯಾಟರಿ ಸತ್ತು ಗಡಿಯಾರ ಹಿಂದಕ್ಕೆ ಹೋಗಿದ್ದರೆ ಟುಡೇ ಕೂಡ ಹಿಂದಿನ ದಿನವನ್ನೇ ಹೇಳುತ್ತೆ, ಆಗ ಯಾರ ಗಡುವೂ ದಾಟಿರಲ್ಲ. ಮೊಬೈಲ್‌ನಲ್ಲಿ ಗೂಗಲ್ ಶೀಟ್ಸ್ ಬಳಸುವ ನಿಮ್ಮ ಸಂಘದ ಹುಡುಗಿಯರಿಗೂ ಹೇಳಿ, ಅಲ್ಲಿ ಟುಡೇ ನೋಡೋದು ಆ ಹಾಳೆಯ ಸೆಟ್ಟಿಂಗ್ಸ್‌ನಲ್ಲಿರುವ ಸಮಯ ವಲಯವನ್ನು. ಅದು ಅಮೆರಿಕದ ಪಶ್ಚಿಮ ಕರಾವಳಿಯದ್ದಾಗಿದ್ದರೆ ನಮ್ಮಲ್ಲಿ ಮಧ್ಯಾಹ್ನ ಹನ್ನೆರಡೂವರೆ, ಒಂದೂವರೆ ಆಗೋವರೆಗೂ ಹಾಳೆಗೆ ಇನ್ನೂ ನಿನ್ನೆಯೇ. ಬೆಳಿಗ್ಗೆಯ ಸಭೆಗೆ ನಿನ್ನೆಯ ಲೆಕ್ಕ ಬರುತ್ತೆ.

"ಗಡುವು ಭಾನುವಾರ ಬಿದ್ದರೆ?" ಅಂತ ಕೇಳ್ತಿದ್ದೀರಿ. ಕೇಳಲೇಬೇಕಾದ್ದು. ಬ್ಯಾಂಕ್ ಬಾಗಿಲು ಹಾಕಿರುವ ದಿನ ಕಂತು ಕಟ್ಟಿಲ್ಲ ಅಂತ ಯಾರನ್ನೂ ಕೆಂಪು ಮಾಡೋಕಾಗಲ್ಲ. ವೀಕ್‌ಡೇ ಅನ್ನುವ ಫಂಕ್ಷನ್‌ಗೆ ದಿನಾಂಕ ಕೊಟ್ಟರೆ ಭಾನುವಾರಕ್ಕೆ 1, ಸೋಮವಾರಕ್ಕೆ 2, ಹೀಗೆ ಶನಿವಾರಕ್ಕೆ 7 ಕೊಡುತ್ತೆ. ಡೇ ಅನ್ನೋದಕ್ಕೆ ದಿನಾಂಕ ಕೊಟ್ಟರೆ ತಿಂಗಳ ಎಷ್ಟನೇ ತಾರೀಖು ಅಂತ ಹೇಳುತ್ತೆ. ಇವೆರಡನ್ನು ಜೋಡಿಸಿದರೆ ಒಂದು ಸೊಗಸು ನೋಡಿ. 2015ರ ಸೆಪ್ಟೆಂಬರ್ 1ರಿಂದ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಅಲ್ವಾ? ಎರಡನೇ ಶನಿವಾರ ಅಂತ ಕೇಳುವ ಫಂಕ್ಷನ್ ಎಕ್ಸೆಲ್‌ನಲ್ಲಿ ಇಲ್ಲ. ಆದರೆ ಕ್ಯಾಲೆಂಡರ್ ನೋಡಿ, ಯಾವ ತಿಂಗಳೇ ಆಗಲಿ ಎರಡನೇ ಶನಿವಾರ 8ರಿಂದ 14ರ ಒಳಗೇ ಬೀಳಬೇಕು, ನಾಲ್ಕನೆಯದು 22ರಿಂದ 28ರ ಒಳಗೆ. ಮೊದಲ ಏಳು ದಿನದಲ್ಲಿ ಒಂದೇ ಶನಿವಾರ, ಮುಂದಿನ ಏಳರಲ್ಲಿ ಮತ್ತೊಂದು. ಅಂದಮೇಲೆ ವೀಕ್‌ಡೇ 7 ಆಗಿದ್ದು, ಡೇ 8ರಿಂದ 14 ಅಥವಾ 22ರಿಂದ 28 ಇದ್ದರೆ ಅದು ಬ್ಯಾಂಕ್ ರಜೆಯ ಶನಿವಾರ. ಆ್ಯಂಡ್, ಆರ್, ಜೊತೆಗೆ ಈ ಎರಡು ಪುಟ್ಟ ಫಂಕ್ಷನ್, ಕೆಲಸ ಮುಗೀತು. ಸಿದ್ಧ ಫಂಕ್ಷನ್‌ಗಳ ಚೆಂದ ಇರೋದೇ ಇಲ್ಲಿ. ಒಂದೊಂದೂ ಸಣ್ಣದು. ಜೋಡಿಸುವ ಬುದ್ಧಿ ನಮ್ಮದಾದರೆ ಅವುಗಳಿಂದ ಅವುಗಳಿಗೇ ಗೊತ್ತಿಲ್ಲದ ಪ್ರಶ್ನೆ ಕೇಳಿಸಬಹುದು.

ಆದರೆ ಯುಗಾದಿ ಯಾವತ್ತು ಅಂತ ಹೇಳುವ ಫಂಕ್ಷನ್ ಇಲ್ಲ ಅಕ್ಕ. ಯುಗಾದಿ, ಗೌರಿ ಗಣೇಶ, ದೀಪಾವಳಿ ಎಲ್ಲ ಪಂಚಾಂಗದ ತಿಥಿ ಹಿಡಿದು ಬರುತ್ತವೆ, ಪ್ರತಿ ವರ್ಷ ತಾರೀಖು ಬೇರೆ. ವರ್ಕ್‌ಡೇ ಅನ್ನುವ ಫಂಕ್ಷನ್ ಮುಂದಿನ ಕೆಲಸದ ದಿನ ಹುಡುಕಿ ಕೊಡುತ್ತೆ, ರಜಾ ಪಟ್ಟಿ ಕೊಟ್ಟರೆ ಅವನ್ನೂ ಬಿಟ್ಟು ಎಣಿಸುತ್ತೆ. ಆದರೆ ಅದು ಎಲ್ಲ ಶನಿವಾರವನ್ನೂ ರಜೆ ಅಂತಲೇ ಹಿಡಿಯುತ್ತೆ. ಭಾನುವಾರ ಮಾತ್ರ ರಜೆ ಅಂತ ಹೇಳಬೇಕಾದರೆ ವರ್ಕ್‌ಡೇ ಡಾಟ್ ಇಂಟ್ಲ್ ಅನ್ನುವ ಅದರ ಅಕ್ಕನನ್ನು ಕರೀಬೇಕು. ಎರಡನೇ, ನಾಲ್ಕನೇ ಶನಿವಾರಗಳನ್ನೂ ಹಬ್ಬಗಳನ್ನೂ ಜನವರಿಯಲ್ಲೇ ಕ್ಯಾಲೆಂಡರ್ ಮುಂದಿಟ್ಟುಕೊಂಡು ಒಂದು ಹಾಳೆಯಲ್ಲಿ ಬರೆದಿಡಿ. ಬರೆಯುವ ಕೆಲಸ ನಿಮ್ಮದು, ಮರೆಯದೆ ನೋಡುವ ಕೆಲಸ ಅದರದ್ದು.

ಪ್ರತಿ ತಿಂಗಳ ಗಡುವು ಲೆಕ್ಕ ಹಾಕೋಕೆ ಮೂವತ್ತು ಮೂವತ್ತು ಕೂಡಿಸಬೇಡಿ, ಎರಡೇ ತಿಂಗಳಲ್ಲಿ ತಾರೀಖು ಜಾರುತ್ತೆ. ಈಡೇಟ್ ಅನ್ನೋದಕ್ಕೆ ದಿನಾಂಕ, ಎಷ್ಟು ತಿಂಗಳು ಅಂತ ಕೊಟ್ಟರೆ ಸರಿಯಾದ ತಾರೀಖು ಕೊಡುತ್ತೆ. 2026ರ ಜನವರಿ 31ಕ್ಕೆ ಒಂದು ತಿಂಗಳು ಅಂದರೆ ಫೆಬ್ರವರಿ 28 ಅನ್ನುತ್ತೆ. ಆ 28ಕ್ಕೆ ಮತ್ತೊಂದು ತಿಂಗಳು ಕೂಡಿಸಿದರೆ ಮಾರ್ಚ್ 28 ಬರುತ್ತೆ. ಸಾಲ ಕೊಟ್ಟ ದಿನದಿಂದಲೇ ಎರಡು ತಿಂಗಳು ಅಂತ ಕೇಳಿದರೆ ಮಾರ್ಚ್ 31. ಮೂರು ದಿನದ ವ್ಯತ್ಯಾಸ! ಯಾವಾಗಲೂ ಸಾಲ ಕೊಟ್ಟ ಮೂಲ ದಿನಾಂಕದಿಂದಲೇ ಎಣಿಸಿ.

ಬಡ್ಡಿಯ ಕಾಲಂ ನೋಡೋಣ. ಇಲ್ಲಿ ನೀವು ಪೈಸೆ ಕಾಣದ ಹಾಗೆ ಫಾರ್ಮ್ಯಾಟ್ ಮಾಡಿದ್ದೀರಿ. ಕಾಣದ ಹಾಗೆ ಮಾಡಿದ ಮಾತ್ರಕ್ಕೆ ಪೈಸೆ ಹೋಗೋದಿಲ್ಲ. ಒಬ್ಬಳಿಗೆ 10.40, ಇನ್ನೊಬ್ಬಳಿಗೆ 10.40 ಬಡ್ಡಿ. ಹಾಳೆ 10, 10 ಅಂತ ತೋರಿಸುತ್ತೆ, ಕೆಳಗೆ ಮೊತ್ತ 20.80 ಆದ್ದರಿಂದ 21 ಅಂತ ತೋರಿಸುತ್ತೆ. ಹತ್ತಕ್ಕೆ ಹತ್ತು ಕೂಡಿದರೆ ಇಪ್ಪತ್ತೊಂದು ಹೇಗೆ ಅಂತ ಸಭೆಯಲ್ಲಿ ಒಬ್ಬಳು ಎದ್ದು ಕೇಳಿದರೆ ಅವಳು ಕೇಳಿದ್ದು ಪೂರ್ತಿ ಸರಿ. ರೂಪಾಯಿ ಲೆಕ್ಕಕ್ಕೇ ವ್ಯವಹಾರ ಅಂತ ನಿಮ್ಮ ತೀರ್ಮಾನ ಆಗಿದ್ದರೆ ಪ್ರತಿಯೊಬ್ಬಳ ಬಡ್ಡಿಯನ್ನೂ ರೌಂಡ್ ಫಂಕ್ಷನ್ ಒಳಗೆ ಹಾಕಿ, ಆಮೇಲೆ ಕೂಡಿಸಿ. ರೌಂಡ್ ನಿಜವಾಗಿಯೂ ಅಂಕಿಯನ್ನೇ ಬದಲಾಯಿಸುತ್ತೆ. ಅರ್ಧ ಬಂದರೆ ಮೇಲಕ್ಕೆ, ಅಂದರೆ 2.5 ಇದ್ದದ್ದು 3. ಹೆಸರು ಒಂದೇ ಅಂತ ಕೆಲಸವೂ ಒಂದೇ ಅಂತ ಮಾತ್ರ ಅಂದುಕೊಳ್ಳಬೇಡಿ. ಅದೇ ಎಕ್ಸೆಲ್ ಒಳಗೆ ಮ್ಯಾಕ್ರೋ ಬರೆಯುವ ವಿಬಿಎ ಭಾಷೆಯ ರೌಂಡ್‌ಗೆ 2.5 ಕೊಟ್ಟರೆ 2 ಅನ್ನುತ್ತೆ, ಅರ್ಧ ಬಂದರೆ ಹತ್ತಿರದ ಸಮಸಂಖ್ಯೆಗೆ ಹೋಗೋದು ಅದರ ಕ್ರಮ. ಯಾವ ಫಂಕ್ಷನ್ ಬಳಸುವ ಮೊದಲೂ ಉತ್ತರ ಗೊತ್ತಿರುವ ಒಂದು ಲೆಕ್ಕ ಕೊಟ್ಟು ಪರೀಕ್ಷೆ ಮಾಡಿ.

ಒಂದೇ ಹೆಸರು ಎರಡು ಸಲ ಬಂದಿದೆಯೋ ನೋಡೋಕೆ ಕೌಂಟ್‌ಇಫ್ ಹಾಕಿದ್ದೀರಿ, ಒಳ್ಳೇದು. ಇಡೀ ಕಾಲಂನಲ್ಲಿ ಈ ಹೆಸರು ಎಷ್ಟು ಸಲ ಇದೆ ಅಂತ ಎಣಿಸಿ, ಒಂದಕ್ಕಿಂತ ಹೆಚ್ಚಿದ್ದರೆ ಬಣ್ಣ ಹಚ್ಚು ಅನ್ನೋ ನಿಯಮ. ಆದರೆ ಒಂದು ಸಲ ಲಕ್ಷ್ಮಿ ಅಂತಲೂ ಇನ್ನೊಂದು ಸಲ ಲಕ್ಷ್ಮೀ ಅಂತಲೂ ಬರೆದಿದ್ದರೆ ಅದಕ್ಕೆ ಅವರು ಇಬ್ಬರು. ಹೆಸರಿನ ಕೊನೆಗೆ ಒಂದು ಸ್ಪೇಸ್ ಉಳಿದಿದ್ದರೂ ಇಬ್ಬರು. ಆ ಸ್ಪೇಸನ್ನು ಟ್ರಿಮ್ ತೆಗೆಯುತ್ತೆ, ಗುಡಿಸನ್ನು ದೀರ್ಘ ಮಾಡಲು ಯಾವ ಫಂಕ್ಷನ್ನೂ ತಾನಾಗಿ ಬರಲ್ಲ. ಕನ್ನಡ ಅಕ್ಷರಗಳನ್ನು ಇವು ನಮ್ಮ ಹಾಗೆ ಎಣಿಸೋದೂ ಇಲ್ಲ. ಕನ್ನಡ ಅಂತ ಬರೆದು ಲೆನ್ ಫಂಕ್ಷನ್‌ಗೆ ಕೊಡಿ, ನಮಗೆ ಮೂರು ಅಕ್ಷರ, ಅದಕ್ಕೆ ಐದು. ಒತ್ತಕ್ಷರವನ್ನು ನ, ಅರ್ಧಮಾಡುವ ಚಿಹ್ನೆ, ಮತ್ತೆ ನ ಅಂತ ಬಿಡಿಬಿಡಿಯಾಗಿ ಎಣಿಸುತ್ತೆ. ಅದಕ್ಕೇ ಹೆಸರಿನ ಮೇಲೆ ನಿಯಮ ಕಟ್ಟಬೇಡಿ, ಸದಸ್ಯತ್ವ ಸಂಖ್ಯೆಯ ಮೇಲೆ ಕಟ್ಟಿ.

ಬ್ಯಾಂಕ್ ಖಾತೆ ಸಂಖ್ಯೆಯ ಮೇಲೆ ಕಟ್ಟಬಹುದಲ್ಲ ಅಂದರೆ ಅಲ್ಲೂ ಹುಷಾರು. ಎಕ್ಸೆಲ್ ಅಂಕಿಯಲ್ಲಿ 15 ಸ್ಥಾನ ಮಾತ್ರ ನೆನಪಿಟ್ಟುಕೊಳ್ಳುತ್ತೆ. 16 ಅಂಕಿಯ ಖಾತೆ ಸಂಖ್ಯೆ ಬರೆದರೆ ಕೊನೆಯದು ಸೊನ್ನೆಯಾಗಿ ಹೋಗುತ್ತೆ. ಅಕ್ಷರವಾಗಿ ಬರೆದಿಟ್ಟರೆ ಪೂರ್ತಿ ಉಳಿಯುತ್ತೆ, ಆದರೂ ಕೌಂಟ್‌ಇಫ್ ಎಣಿಸುವಾಗ ಅದನ್ನು ಮತ್ತೆ ಅಂಕಿ ಮಾಡಿಕೊಂಡು ಮೊದಲ 15 ಒಂದೇ ಇದ್ದರೆ ಎರಡೂ ಒಂದೇ ಖಾತೆ ಅಂದುಬಿಡುತ್ತೆ. ಹಣ ಹೋಗಬೇಕಾದ ಜಾಗ ಅದು, ಸುಮ್ಮನೆ ಅಲ್ಲ.

"ಇಷ್ಟೊಂದು ಇದ್ದರೆ ಕೈಯಲ್ಲೇ ಬರೆಯೋದು ವಾಸಿ ಅಲ್ವಾ?" ಅನ್ನಬೇಡಿ ಅಕ್ಕ. ಕಂಪ್ಯೂಟರ್ ಬೇಡ ಅಂತ ನಾನು ಹೇಳ್ತಿಲ್ಲ, ಪುಸ್ತಕಕ್ಕೆ ಎಷ್ಟು ಬೆಲೆ ಇದೆ ಅಂತ ಹೇಳ್ತಿದ್ದೀನಿ. 1992ರಲ್ಲಿ ನಬಾರ್ಡ್ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈ ಹಾಕಿದಾಗ ಆ ಹೆಂಗಸರ ಹತ್ತಿರ ಅಡ ಇಡೋಕೆ ಹೊಲ, ಚಿನ್ನ ಇರಲಿಲ್ಲ. ಇದ್ದದ್ದು ವಾರವಾರ ಕೂಡಿಟ್ಟ ಉಳಿತಾಯ, ಅದನ್ನು ಬರೆದಿಟ್ಟ ಪುಸ್ತಕ, ಒಬ್ಬರ ಮೇಲೊಬ್ಬರಿಗಿದ್ದ ನಂಬಿಕೆ. ನಮ್ಮ ರಾಜ್ಯದಲ್ಲಿ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು, ಗುಂಪುಗಳು ಊರೂರಿಗೆ ಹರಡಿದವು. ನೀವು ತರಬೇತಿಯಲ್ಲಿ ಕಲಿತ ಪಂಚಸೂತ್ರದಲ್ಲೂ ತಪ್ಪದ ಸಭೆ, ತಪ್ಪದ ಉಳಿತಾಯ, ಒಳಗಿನ ಸಾಲ, ಸಕಾಲದ ಮರುಪಾವತಿ ಇವುಗಳ ಜೊತೆ ಐದನೆಯದಾಗಿ ಇರೋದು ಸರಿಯಾದ ಲೆಕ್ಕದ ಪುಸ್ತಕವೇ. ಆ ಪುಸ್ತಕ ಈಗ ಹಾಳೆಗೆ ಬಂದಿದೆ, ಹಾಳೆಯೊಳಗೆ ನಿಯಮ ಬಂದಿದೆ. ನಿಯಮ ತಪ್ಪಿದರೆ ಕೆಡೋದು ಬಣ್ಣವಲ್ಲ, ನಂಬಿಕೆ. ಕೆಂಪಾದ ಒಂದು ಹೆಸರಿನ ಹಿಂದೆ ಒಬ್ಬ ಹೆಂಗಸು ಇದ್ದಾಳೆ, ಅವಳ ಮಾನ ಇದೆ.

ಅದಕ್ಕೇ ನಾನು ಹೇಳೋದು, ನಿಯಮ ಮೊದಲು ಹುಟ್ಟಬೇಕಾದ್ದು ಎಕ್ಸೆಲ್ ಪೆಟ್ಟಿಗೆಯಲ್ಲಿ ಅಲ್ಲ, ನಿಮ್ಮ ಸಭೆಯಲ್ಲಿ. ಯಾರನ್ನು ಬಾಕಿದಾರರು ಅಂತೀವಿ ಅಂತ ಒಂದೇ ಒಂದು ಕನ್ನಡ ವಾಕ್ಯದಲ್ಲಿ ನಡಾವಳಿ ಪುಸ್ತಕದಲ್ಲಿ ಬರೀರಿ, ಎಲ್ಲರ ಮುಂದೆ ಓದಿ, ಸಹಿ ಹಾಕಿಸಿ. ಆಮೇಲೆ ಆ ವಾಕ್ಯದ ಒಂದೊಂದು ಮಾತನ್ನೂ ಯಾವ ಫಂಕ್ಷನ್ ಹೊರುತ್ತೆ ಅಂತ ಪಕ್ಕದಲ್ಲಿ ಬರೆದಿಡಿ. ಬಾಕಿ ಇದ್ದವರು ಅನ್ನೋದಕ್ಕೆ ಇದು, ಗಡುವು ದಾಟಿದವರು ಅನ್ನೋದಕ್ಕೆ ಇದು, ಬ್ಯಾಂಕ್ ರಜೆ ಬಿಟ್ಟು ಅನ್ನೋದಕ್ಕೆ ಇದು. ನಾಳೆ ನಿಮ್ಮ ಬದಲು ಇನ್ನೊಬ್ಬರು ಪುಸ್ತಕ ಬರೆಯೋಕೆ ಬಂದರೂ ಗೊಂದಲ ಇರಲ್ಲ. ಯಾರಾದರೂ ಯಾಕೆ ನನ್ನ ಹೆಸರು ಕೆಂಪು ಅಂದರೆ ಕಂಪ್ಯೂಟರ್ ಹೇಳಿತು ಅನ್ನೋ ಉತ್ತರ ನಿಮ್ಮ ಬಾಯಲ್ಲಿ ಬರಬಾರದು. ನಾವೆಲ್ಲ ಸೇರಿ ಹೀಗಂತ ತೀರ್ಮಾನ ಮಾಡಿದ್ವಿ, ಇಲ್ಲಿದೆ ನೋಡು ಅನ್ನಬೇಕು.

ಆ ಸಭೆಯಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆ ಈಗಲೇ ಬರ್ಕೊಳ್ಳಿ. ಗಡುವಿನ ದಿನ ಸಾಯಂಕಾಲ ಕೂಲಿಯಿಂದ ಬಂದು ಕಟ್ಟುವವಳು ತಡ ಮಾಡಿದವಳೋ ಅಲ್ಲವೋ? ನಿಯಮದಲ್ಲಿ ಕಡಿಮೆ ಅನ್ನುವ ಚಿಹ್ನೆ ಮಾತ್ರ ಇದ್ದರೆ ಆ ದಿನ ಪೂರ್ತಿ ಅವಳಿಗೆ ಸೇರಿದ್ದು, ಮಾರನೇ ದಿನದಿಂದ ಕೆಂಪು. ಪಕ್ಕದಲ್ಲಿ ಒಂದು ಸಮ ಚಿಹ್ನೆ ಸೇರಿದರೆ ಆ ದಿನ ಬೆಳಿಗ್ಗೆಯಿಂದಲೇ ಅವಳು ಕೆಂಪು. ಮೂರು ದಿನ ರಿಯಾಯಿತಿ ಕೊಡೋಣ ಅಂತ ಒಪ್ಪಿದರೆ ಅದೂ ಸುಲಭ, ದಿನಾಂಕ ಅಂಕಿಯೇ ಆದ್ದರಿಂದ ಗಡುವಿಗೆ 3 ಕೂಡಿಸಿದರೆ ಆಯಿತು. ಎಕ್ಸೆಲ್‌ಗೆ ಮೂರೂ ಒಂದೇ, ಯಾವುದು ನ್ಯಾಯ ಅಂತ ಅದು ಹೇಳಲಾರದು. ಹೇಳಬೇಕಾದವರು ನಿಮ್ಮ ಸಂಘದವರು. ಅವರು ಒಪ್ಪಿದ್ದನ್ನು ಬರೆದು ತನ್ನಿ, ಇಬ್ಬರೂ ಕೂತು ಹಾಕೋಣ. ಅಲ್ಲಿಯವರೆಗೆ ಆ ಕೆಂಪು ನಿಯಮವನ್ನು ತೆಗೆದಿಡಿ, ಹಳದಿಯದು ಮಾತ್ರ ಇರಲಿ.